ಮಗಳಿಗೆಂದು ಮಾಡಿದ ಬಿಲ್ಲು

ನಮ್ಮ ಯಜಮಾನರು ಬೇಟೆಯ ಬಿಲ್ಲು ಮಾಡುತ್ತಿದ್ದರು. ಕಾಡಿನಿಂದ ತಂದ ಮರವನ್ನು ಸೀಳಿ, ಅಟ್ಟದಲ್ಲಿ ವರ್ಷಗಟ್ಟಲೆ ಒಣಗಿಸದೆ ಉಳಿ ಮುಟ್ಟಿಸುತ್ತಿರಲಿಲ್ಲ. ಅವಸರದ ಗಿರಾಕಿಗಳಿಗೆ, "ಹಸಿಮರ ಬಗ್ಗುತ್ತೆ ಕಣಯ್ಯ, ಆಮೇಲೆ ನೆಟ್ಟಗಾಗಲ್ಲ" ಎಂದು ಗದರುತ್ತಿದ್ದರು.

ಎದೆಯ ಕಾಯಿಲೆ ಬಲಿತ ಮೇಲೆ, ಮಗಳಿಗೊಂದು ಬಿಲ್ಲು ಮಾಡಿಕೊಡಲೇಬೇಕೆಂದು ಕುಳಿತರು. ಅಟ್ಟ ಬರಿದಾಗಿತ್ತು. ಆಗಷ್ಟೇ ಕಡಿದ ಮರವನ್ನೇ ಕೆತ್ತತೊಡಗಿದರು.

"ಇದೇನ್ರೀ, ಒಣಗೇ ಇಲ್ವಲ್ಲ?" ಎಂದೆ.

"ಒಣಗೋವರೆಗೆ ನಾನಿರಬೇಕಲ್ಲ ಕಣೇ!" ಎಂದು ನಕ್ಕರು.

ಮಗಳು ಹೆದೆ ಎಳೆದು, "ಚೆನ್ನಾಗಿದೆ ಅಪ್ಪಾ" ಎಂದಳು. ಅವರು ಹೆದೆ ಬಿಚ್ಚಿಸಿದರು. ಬಿಲ್ಲು ಬಾಗಿದ ಹಾಗೆಯೇ ಉಳಿಯಿತು.

"ಒಲೆಗೆ ಹಾಕ್ಬಿಡು ಕಂದಾ. ಅಪ್ಪನ ಕೆಲಸ ಇಷ್ಟೇ ಅಂತ ನೆನಪಿಟ್ಕೋಬೇಡ."

ಅವಳು ಅವರೆದುರಿಗೇ ಹಾಕಿದಳು. ಅದು ಹೊತ್ತಿಕೊಳ್ಳದೆ ಬಹಳ ಹೊತ್ತು ಹೊಗೆಯಾಡಿತು. ನಾವು ಯಾರೂ ಊದಲಿಲ್ಲ.