ಹೇಸರಗತ್ತಿ ಸಿಪಾಯಿಗೆ ಊರ ಪಟಕಾ

ದನದ ವ್ಯಾಪಾರದಲ್ಲಿ ಮೊದಲು ಬೆಲೆ ಬಾಯಿಬಿಟ್ಟವನೇ ಸೋತವನು. ಇದನ್ನು ನೆನಪಿಡಿ, ಮಗಳ ಮದುವೆ ಮಾಡುವಾಗಲೂ ಉಪಯೋಗಕ್ಕೆ ಬರುತ್ತದೆ. ನಾನು ತಿಕೋಟಾದವ. ಮೂರನೇ ಇಯತ್ತೆಗೆ ಸಾಲಿ ಬಿಟ್ಟು, ವಿಜಾಪುರದ ದನದ ಸಂತೆಯಲ್ಲಿ ಮಂದಿಯ ಎತ್ತುಗಳ ಹಗ್ಗ ಹಿಡಿದು ನಿಲ್ಲುತ್ತ ನಿಲ್ಲುತ್ತ ದಲ್ಲಾಳಿಯಾದೆ. ಹಲ್ಲಿಲ್ಲದ ಎತ್ತನ್ನು ಹಲ್ಲಿಲ್ಲದ ಮುದುಕನಿಗೆ ಮಾರಿ ಇಬ್ಬರಿಂದಲೂ ಭೇಷ್ ಅನ್ನಿಸಿಕೊಂಡಿದ್ದೇನೆ. ಆದರೆ ನನ್ನ ಜೀವಮಾನದ ಬಿಗಿಯಾದ ಚೌಕಾಶಿ ನಡೆದದ್ದು ಎತ್ತಿನ ಸಲುವಾಗಿ ಅಲ್ಲ, ನನ್ನ ತಂಗಿಗೆ ನಿಶ್ಚಯವಾಗಿದ್ದ ವರನ ಸಲುವಾಗಿ.

ಅವನು ನಮ್ಮ ದೂರದ ಅತ್ತೆಯ ಮಗ. ಸಾರವಾಡ ದಾಟಿ ಬಬಲೇಶ್ವರದ ಕಡೆ ಹೋಗುವಾಗ ಸಿಗುವ ಒಂದು ಹಳ್ಳಿಯವ. ಸಕ್ಕರೆ ಕಾರ್ಯ, ಅಂದರೆ ನಿಶ್ಚಿತಾರ್ಥ, ಮುಗಿದಿತ್ತು, ಅಷ್ಟರಲ್ಲಿ ದೊಡ್ಡ ಯುದ್ಧ ಬಂತು, ಅವನು ಪಲ್ಟಣ ಸೇರಿ ಬರ್ಮಾಕ್ಕೆ ಹೋದ. ತಂಗಿ ಕಾದಳು. ಕಾದಳು ಎಂದರೆ ಕಿಟಕಿಯಲ್ಲಿ ಕೂತು ಅಳುತ್ತಿದ್ದಳು ಅಂತಲ್ಲ. ಬೇರೆ ವರ ನೋಡಲು ಬಂದವರಿಗೆ ಚಹಾದಲ್ಲಿ ಉಪ್ಪು ಹಾಕಿ ಕಳಿಸುತ್ತಿದ್ದಳು.

ಯುದ್ಧ ಮುಗಿದ ಮೇಲೆ ಅವನು ಒಂದು ಕಾಲು ಸ್ವಲ್ಪ ಎಳೆಯುತ್ತ ತಿರುಗಿ ಬಂದ. ಜೊತೆಗೆ ಒಂದು ಸುದ್ದಿಯನ್ನೂ ತಂದ: ತಾನು ಕ್ರಿಸ್ತನ ಹಾದಿ ಹಿಡಿದಿದ್ದೇನೆ, ಮಿಲಿಟರಿ ದವಾಖಾನೆಯಲ್ಲಿದ್ದಾಗಲೇ ದೀಕ್ಷಾಸ್ನಾನ ಆಗಿದೆ.

ನಮ್ಮವ್ವ ಒಲೆಯ ಮುಂದಿನಿಂದ ಎದ್ದೇ ಬಿಟ್ಟಳು. "ಈ ಸಂಬಂಧ ಮುಗೀತು. ಅವರ ಊರವರು ಅವನನ್ನ ಊರಾಗ ಇಟಗೊಳ್ಳೂದ ದೊಡ್ಡದು. ಊರು ಒಪ್ಪಿ ಅವನ ತಲಿಗೆ ಪಟಕಾ ಸುತ್ತಲಿ, ಆವಾಗ ನಾನೂ ಮಗಳನ್ನ ಕೊಡ್ತೀನಿ."

ಆಗದ ಮಾತು ಎಂದು ತಿಳಿದೇ ಅವ್ವ ಹಾಗೆಂದಿದ್ದಳು. ಬೀಸುಕಲ್ಲಿನ ಹತ್ತಿರ ಕೂತಿದ್ದ ತಂಗಿ ಬೀಸುವುದನ್ನು ನಿಲ್ಲಿಸಿದಳು. "ಕೇಳಿದಿಲ್ಲೊ ಅಣ್ಣಾ? ಅವ್ವ ಮಾತು ಕೊಟ್ಟಾಳ. ಇನ್ನ ಪಟಕಾ ಸುತ್ತಸೂದು ನಿನ್ನ ಕೆಲಸ."

ಹೀಗೆ ವ್ಯವಹಾರ ನನ್ನ ಕೊರಳಿಗೆ ಬಿತ್ತು.

ಹಳ್ಳಿಗೆ ಹೋಗಿ ನೋಡಿದರೆ ಅಲ್ಲಿ ಬೇರೆಯೇ ಗದ್ದಲ. ಯುದ್ಧಕ್ಕೆ ಹೋಗಿ ಬಂದ ವೀರ ಎಂದು ಅವನ ಹೊಸ ಹಾದಿಯ ಸುದ್ದಿ ಮುಟ್ಟುವ ಮೊದಲೇ ಗೌಡರು ಅವನ ಸತ್ಕಾರ ಸಾರಿಬಿಟ್ಟಿದ್ದರು. ಎತ್ತಿನ ಬಂಡಿಯಲ್ಲಿ ಮೆರವಣಿಗೆ, ಹಣಮಪ್ಪನ ಗುಡಿಯಲ್ಲಿ ಕಾಯಿ, ಹಣೆಗೆ ಅರಿಷಿಣದ ಭಂಡಾರ, ಆರತಿ, ಪಟಕಾ. ಅವನ ಪರಾಕ್ರಮವೂ ಬಾಯಿಂದ ಬಾಯಿಗೆ ಬೆಳೆದು, ಬಬಲೇಶ್ವರ ಮುಟ್ಟುವ ಹೊತ್ತಿಗೆ ಅವನೊಬ್ಬನೇ ಒಂದು ಇಡೀ ಪಲ್ಟಣ ಓಡಿಸಿದ್ದ. ನಿಜ ಹೇಳಬೇಕೆಂದರೆ ಅವನು ಹೇಸರಗತ್ತೆಗಳ ಮೇಲೆ ಹಿಟ್ಟು, ಮದ್ದು, ಗುಂಡು ಹೇರಿಕೊಂಡು ಗುಡ್ಡ ಹತ್ತಿಸುವ ಕೆಲಸದಲ್ಲಿದ್ದವ.

ನಾನು ಅವನನ್ನು ಹಿತ್ತಲಿಗೆ ಕರೆದೊಯ್ದು ಕೇಳಿದೆ. "ಅಳಿಯಾ, ಯಾವುದಕ್ಕ ಒಪ್ಪತಿ, ಯಾವುದಕ್ಕ ಇಲ್ಲ, ಸಾವಕಾಶ ಹೇಳು. ಒಮ್ಮಿಗೇ ಹೇಳಬ್ಯಾಡ."

ಅವನು ಒಮ್ಮೆಗೇ ಹೇಳಿದ. "ಮೂರ್ತಿಗೆ ಅಡ್ಡ ಬೀಳೂದಿಲ್ಲ ಮಾವ. ಭಂಡಾರ ಹಚ್ಚಿಕೊಳ್ಳೂದಿಲ್ಲ. ಯೇಸುವಿನ ದಾರಿ ಹಿಡದದ್ದು ಮುಚ್ಚಿಡೂದಿಲ್ಲ. ಉಳದದ್ದು ನೀ ಅಂದಂಗ. ಕಡೀಗೆ ನಾ ಎರಡು ಮಾತು ಆಡಬೇಕು."

ನಾನು ಹಣೆ ಬಡಿದುಕೊಂಡೆ. ಕೊನೆಯ ಬೆಲೆಯನ್ನು ಮೊದಲೇ ಹೇಳುವ ಇಂಥ ಮನುಷ್ಯ ಬರ್ಮಾದಿಂದ ಜೀವಂತ ಬಂದದ್ದೇ ಪವಾಡ.

ಚಾವಡಿಯಲ್ಲಿ ಗೌಡರು ಮೀಸೆ ತಿರುವುತ್ತ ಕೂತಿದ್ದರು. ಸುತ್ತ ಇಡೀ ಊರು. ಹುಡುಗ ಒಪ್ಪದ ಸಂಗತಿಗಳನ್ನು ಅವರ ಮುಂದಿಟ್ಟೆ. "ಹಣಮಪ್ಪ ಇಲ್ಲದ ಸತ್ಕಾರ ಅಂದ್ರ ಉಪ್ಪಿಲ್ಲದ ಝುಣಕ," ಎಂದರು. "ನಿಮ್ಮ ಅಳಿಯಾಗ ನಮ್ಮ ದೇವರು ಬ್ಯಾಡ, ನಮ್ಮ ಪಟಕಾ ಬೇಕೇನು?"

ಮಂದಿ ಹೋ ಎಂದಿತು. ನನಗೆ ಅರ್ಥವಾಯಿತು: ಗೌಡರಿಗೆ ಆ ಹುಡುಗನ ಮೇಲೆ ಸಿಟ್ಟಿಲ್ಲ, ಸಾರಿದ ಸತ್ಕಾರ ನಿಂತರೆ ಮರ್ಯಾದೆ ಅವರದೇ ಹೋಗುತ್ತದೆ. ಆದರೆ ಎಲ್ಲರ ಕಣ್ಣೆದುರು ಒಂದು ಹೆಜ್ಜೆ ಹಿಂದೆ ಸರಿಯುವುದು ಯಾವ ಗೌಡನಿಗೆ ಸಾಧ್ಯ? ಸರಿ, ಹೆಗಲ ಮೇಲಿನ ವಲ್ಲಿ ತೆಗೆದು ಅವರ ಕೈಮೇಲೆ ಹಾಕಿದೆ.

ದನದ ಸಂತೆ ನೋಡದವರಿಗೆ ಹೇಳುತ್ತೇನೆ. ನಾವು ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಬಟ್ಟೆಯ ಕೆಳಗೆ ಕೈಗೆ ಕೈ ಸೇರಿಸಿ ಬೆರಳು ಹಿಡಿದು ಹೇಳುತ್ತೇವೆ. ಯಾರು ಎಷ್ಟು ಇಳಿದರು ಎಂದು ನಿಂತು ನೋಡುವವರಿಗೆ ತಿಳಿಯುವುದಿಲ್ಲ, ಅದಕ್ಕೇ ಇಬ್ಬರೂ ಧೈರ್ಯದಿಂದ ಇಳಿಯುತ್ತಾರೆ.

ಗೌಡರ ಕಿವಿಯಲ್ಲಿ ಹೇಳಿದೆ, "ಹೆಬ್ಬೆರಳು ಕಾಯಿ, ತೋರಬೆರಳು ಭಂಡಾರ, ನಡುವಿಂದು ಅಡ್ಡ ಬೀಳೂದು, ಉಂಗುರದ್ದು ಆರತಿ, ಕಿರಿಬೆರಳು ಪಟಕಾ."

ಗೌಡರು ಐದೂ ಬೆರಳು ಹಿಡಿದು ಹಿಂಡಿದರು. ನಾನು ಕಿರಿಬೆರಳೊಂದನ್ನೇ ಕೊಟ್ಟೆ. ಅವರು ಹೆಬ್ಬೆರಳು ಜಗ್ಗಿದರು. ನಾನು ಪಿಸುಗುಟ್ಟಿದೆ, "ಕಾಯಿ ನೀವ ಒಡೀರಿ, ಅವ ಬಾಜೂಕ ನಿಲ್ಲತಾನ." ಹೆಬ್ಬೆರಳು ಸಡಿಲಾಯಿತು. "ಭಂಡಾರ ಎತ್ತಿಗೆ ಹಚ್ಚೂಣು, ಎತ್ತು ಬ್ಯಾಡ ಅನ್ನಂಗಿಲ್ಲ." ತೋರಬೆರಳು ಬಿಟ್ಟರು. "ಅಡ್ಡ ಬೀಳಲಿ, ಅವರವ್ವನ ಕಾಲಿಗೆ. ಆರತಿನೂ ಆಕಿನ ಎತ್ತಲಿ. ತಾಯಿ ಮಗನ ದೃಷ್ಟಿ ತಗದ್ರ ಯಾವ ದೇವರು ಸಿಟ್ಟಾಗತೈತ್ರಿ?" ಗೌಡರು ನನ್ನ ಬೆರಳುಗಳನ್ನು ಮತ್ತೊಮ್ಮೆ ಎಣಿಸುವವರಂತೆ ಮುಟ್ಟಿ ನೋಡಿ, ಕೈ ತೆಗೆದು, "ನಾ ಹೇಳಿದಂಗ ಒಪ್ಯಾರ!" ಎಂದು ಸಾರಿದರು. ನಾನು ಸೋತವನಂತೆ ತಲೆ ತಗ್ಗಿಸಿದೆ. ಗೆದ್ದ ಮೇಲೆ ಹಲ್ಲು ತೋರಿಸಬೇಡಿ, ಇದೂ ನೆನಪಿರಲಿ.

ಕಡೆಯ ಎರಡು ಮಾತಿನ ಸಂಗತಿಯನ್ನು ನಾನು ಬೆರಳಿಗೆ ಹಚ್ಚಿರಲೇ ಇಲ್ಲ. ಎರಡು ಮಾತಿನಿಂದ ಏನಾದೀತು ಎಂದುಕೊಂಡಿದ್ದೆ.

ಸತ್ಕಾರದ ದಿನ ಅವ್ವನನ್ನೂ ತಂಗಿಯನ್ನೂ ಬಂಡಿಯಲ್ಲಿ ಕರೆತಂದೆ. ಎಲ್ಲವೂ ಬೆರಳು ಬೆರಳಿನ ಪ್ರಕಾರ ಸಾಗಿತು. ಎತ್ತುಗಳು ಅರಿಷಿಣ ಬಳಿದುಕೊಂಡು ಮದುಮಕ್ಕಳಾಗಿದ್ದವು. ಗೌಡರು ಪಟಕಾ ಬಿಚ್ಚಿ ಇನ್ನೇನು ಸುತ್ತಬೇಕು, ಅವನು "ತಡೀರಿ" ಎಂದು ಕೈ ಎತ್ತಿದ.

"ಎಷ್ಟು ಮಂದೀನ ಕೊಂದಿ ಹೇಳಪಾ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ಒಬ್ಬರನ್ನೂ ಇಲ್ಲ," ಎಂದ ಅವನು. "ವೈರಿಗಳನ್ನ ನಾ ನೋಡಿದ್ದು ಒಂದ ಸಲ, ಅದೂ ಕೈದಿಗಳಾಗಿ ಸಿಕ್ಕಾಗ. ಅವರೂ ಕೂತು ಚಹಾ ಕುಡ್ಯಾಕತ್ತಿದ್ರು. ನನ್ನ ಯುದ್ಧ ಎಲ್ಲಾ ಹೇಸರಗತ್ತಿ ಜೋಡಿ."

ಮಂದಿ ನಕ್ಕಿತು. ಗೌಡರು ನಗಲಿಲ್ಲ.

"ಗುಂಡು ಬಿದ್ದು ನನ್ನ ಕಾಲು ಮುರೀತು. ದವಾಖಾನಿ ಕಡ್ಯಾಂವ ಒಬ್ಬ ಇದ್ದ, ಗಿಡ್ಡ ಮನಷ್ಯಾ. ಬೆನ್ನ ಮ್ಯಾಲೆ ನನ್ನ ಹೊತ್ತು ಗುಡ್ಡ ಇಳದ. ಬಿಡಪಾ, ನೀನರ ಉಳಿ ಅಂದೆ. ಅಂವ ಅಂದ, ನಮಗಾಗಿ ಜೀವಾ ಕೊಟ್ಟಾವನ ಹಿಂದ ನಡಿಯಾಕತ್ತೇನಿ, ನಿನ್ನ ಬಿಟ್ಟು ಹೋದ್ರ ನನಗ ದಾರಿ ತಪ್ಪತೈತಿ. ನನ್ನ ಕೆಳಗ ಇಳಿಸಿ ಮತ್ತೊಬ್ಬನ್ನ ತರಾಕ ಮ್ಯಾಲೆ ಹೋದ. ತಿರುಗಿ ಬರಲಿಲ್ಲ. ಅಂವ ಯಾವ ದಾರಿ ಹಿಡದಿದ್ನೋ ಕೇಳಿ, ಓದಿ, ತಿಳಕೊಂಡು ನಾನೂ ಅದನ್ನ ಹಿಡದೇನಿ. ಯಾರ ಹೆದರಿಕಿಗೂ ಅಲ್ಲ, ಆಸೆಗೂ ಅಲ್ಲ. ವೀರ ಅಂದ್ರ ಅಂವ. ಈ ಪಟಕಾ ಅವನದು. ನನಗ ಬ್ಯಾಡ."

ಪಟಕಾ ಇಲ್ಲದಿದ್ದರೆ ತಂಗಿಯ ಮದುವೆ ಇಲ್ಲ. ಬಂಡಿಯಲ್ಲಿ ತಂಗಿ ಪಕ್ಕದ ಗೂಟ ಹಿಡಿದು ಎದ್ದು ನಿಂತಿದ್ದಳು. ಗೌಡರ ಸ್ಥಿತಿ ನನ್ನದಕ್ಕಿಂತ ಕಷ್ಟ. ಸತ್ಕಾರಕ್ಕೆ ಬಿಚ್ಚಿದ ಪಟಕಾವನ್ನು ಹಾಗೇ ಮಡಚಬಾರದು, ಊರಿಗೆ ಒಳ್ಳೆಯದಲ್ಲ. ಮಾರುಗಟ್ಟಲೆ ಬಟ್ಟೆ ಕೈಯಲ್ಲಿ ಜೋತಾಡುತ್ತಿತ್ತು. "ಸತ್ತಾವನ ತಲಿ ನಾ ಎಲ್ಲಿಂದ ತರ್ಲ್ಯೋ ಮಾರಾಯಾ!" ಎಂದರು.

ಆಗ ಹಿಂದೆ ಕೂತಿದ್ದ ಒಬ್ಬ ಹಣ್ಣು ಮುದುಕಿ, ಗೌಡರಿಗೇ ಅಜ್ಜಿಯ ವಯಸ್ಸಿನವಳು, ಕೂಗಿ ಹೇಳಿದಳು. "ಏ ಗೌಡಾ, ಹೊತ್ತಾಂವ ಇಲ್ಲ ಖರೆ. ಅಂವ ಹೊತ್ತ ಭಾರ ಇಲ್ಲೇ ನಿಂತೈತಲ್ಲೊ. ಅದಕ್ಕ ಸುತ್ತು!"

ಸಿಪಾಯಿ ಆ ಮುದುಕಿಯ ಮುಖ ನೋಡಿದ. ಮೆಲ್ಲಗೆ ತಲೆ ಬಗ್ಗಿಸಿ ನಿಂತ. ಗೌಡರು ಸುತ್ತಿದರು. ಸತ್ತವನ ಹೆಸರು ಊರಲ್ಲಿ ಯಾರಿಗೂ ಗೊತ್ತಿಲ್ಲದ್ದರಿಂದ "ಹೊತ್ತಾವಗ ಜಯವಾಗಲಿ!" ಎಂದು ಊರು ಕೂಗಿತು. ನಾನೂ ಕೂಗಿದೆ. ಚೌಕಾಶಿ ಮಾಡದೆ ಕೈಸೇರಿದ ಲಾಭ ನನ್ನ ಜೀವನದಲ್ಲಿ ಅದೊಂದೇ.

ತಿರುಗಿ ಬರುವಾಗ ಬಂಡಿಯಲ್ಲಿ ಅವ್ವ ಮುಖ ತಿರುಗಿಸಿ ಕೂತಿದ್ದಳು. ತಂಗಿ ಅಂದಳು, "ಯವ್ವಾ, ಪಟಕಾ ಸುತ್ಯಾರ. ಆಡಿದ ಮಾತು ನುಂಗತಿಯೇನು?"

"ನಿನಗ ಅವ ಹಿಡದ ದಾರಿ ಗೊತ್ತೈತೇನ ಬೇ?" ಎಂದಳು ಅವ್ವ.

"ನೋಡಿ ತಿಳಕೋತೀನಿ. ಸರಕು ನೋಡದ ಕೊಳ್ಳಾಕ ನಾ ದಲ್ಲಾಳಿ ತಂಗಿ ಅಲ್ಲೇನು?"

ಹೇಳಿದಂತೆ ಮಾಡಿದಳು. ಸುಗ್ಗಿಯತನಕ ವಿಜಾಪುರಕ್ಕೆ ಹೋಗಿ ಬಂದು ಅಲ್ಲಿನ ಚರ್ಚಿನ ಪಾದ್ರಿಯವರ ಹೆಂಡತಿಗೆ ಪ್ರಶ್ನೆಗಳನ್ನು ಕೇಳಿ ಕೇಳಿ ಸುಸ್ತು ಮಾಡಿದಳು. ವೈರಿಯನ್ನು ಕ್ಷಮಿಸಬೇಕು ಎನ್ನುವುದರ ಮೇಲೆ ಮಾತ್ರ ಬಹಳ ದಿನ ಜಗ್ಗಾಡಿದಳಂತೆ. ಕಡೆಗೆ ತಾನೇ ಮನಸ್ಸು ಮಾಡಿ ದೀಕ್ಷಾಸ್ನಾನ ತೆಗೆದುಕೊಂಡಳು. ಮನೆಯಲ್ಲಿ ಯಾರೂ ನೂಕಲಿಲ್ಲ, ಯಾರೂ ತಡೆಯಲಿಲ್ಲ. ನಾನಿನ್ನೂ ಹೊರಗಿನವನೇ. ಆದರೆ ಸಲಹೆ ಕೇಳಿದರೆ ಹೇಳುತ್ತೇನೆ: ಹಾದಿ ಆರಿಸುವಾಗ ಆ ಹಾದಿಯಲ್ಲಿ ನಡೆದವರ ಬೆನ್ನು ನೋಡಿರಿ, ಬಾಯಿ ನೋಡಬೇಡಿ.

ಮದುವೆ ವಿಜಾಪುರದ ಒಂದು ಸಣ್ಣ ಚರ್ಚಿನಲ್ಲಿ. ಅವ್ವ ಬರುವುದಿಲ್ಲ ಎಂದವಳು ಬಂದಳು, ಒಳಗೆ ಕಾಲಿಡುವುದಿಲ್ಲ ಎಂದವಳು ಮುಂದಿನ ಬೆಂಚಿಗೇ ಹೋಗಿ ಕೂತಳು. ಪಾದ್ರಿಯವರು ಪುಸ್ತಕ ಹಿಡಿದು, "ಈ ಮದುವೆಗೆ ಯಾರದಾದರೂ ತಕರಾರು ಇದ್ದರೆ ಈಗಲೇ ಹೇಳಬೇಕು," ಎಂದು ಓದಿ, ರೂಢಿಯಂತೆ ಒಂದು ಗಳಿಗೆ ನಿಂತರು.

ಅವ್ವ ಎದ್ದು ನಿಂತಳು. "ಐತಿ."

ಸಿಪಾಯಿ ಗುಂಡಿನ ಸದ್ದು ಕೇಳಿದವನಂತೆ ತಿರುಗಿದ.

"ಊದೂದಿಲ್ಲ, ಬಾರಸೂದಿಲ್ಲ, ಇದು ಮದುವ್ಯೋ ಸಾಲಿ ತಪಾಸಣ್ಯೋ?" ಎಂದು ಅವ್ವ ಶುರು ಮಾಡಿದಳು. "ಹುಡುಗಿಗೆ ಬಿಳಿ ಸೀರಿ ಉಡಿಸೀರಿ. ಒಂದು ಅಕ್ಕಿಕಾಳು ಯಾರೂ ಒಗಿಯವಲ್ರು. ಬೆಂಚು ಬೆನ್ನಿಗೆ ಚುಚ್ಚತಾವ."

ಪಾದ್ರಿಯವರು ಪುಸ್ತಕದಲ್ಲಿ ಬೆರಳಿಟ್ಟು ಮುಚ್ಚಿದರು. "ತಾಯಿ, ಹಂಗಾರ ಮದುವಿ ಬ್ಯಾಡೇನ್ರಿ?"

"ಅಯ್ಯ, ಬ್ಯಾಡ ಅಂತ ಯಾರಂದ್ರು?" ಎಂದಳು ಅವ್ವ, ಸೆರಗು ಸರಿಪಡಿಸಿಕೊಂಡು ಕೂಡುತ್ತ. "ನೀವು ಕೇಳಿದ್ರಿ, ನಾ ಹೇಳಿದೆ. ಹುಡುಗ ಬಾಳ ಛಲೋ ಅದಾನ. ಮುಂದ ಓದ್ರಿ, ಅಡಗಿ ಆರತೈತಿ."