ಕಪ್ಪು ಎರಡರಿಂದ ಕೆಳಗೆ

ಗೌರಕ್ಕ, ನಿಮ್ಮ ಅಣ್ಣ ಮಲ್ಲಣ್ಣನವರ ಕಂಠ ಕೆಟ್ಟದ್ದು ನಿಮ್ಮ ಮನೆಯ ಊಟದಿಂದಲ್ಲ. ನೀವು ಯಾವ ಮದ್ದನ್ನೂ ಹಾಕಿರಲಿಲ್ಲ. ಅದು ನನಗೆ ಆವತ್ತೇ ಗೊತ್ತಿತ್ತು — ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ನಾನು ತಾಳವಾಡಿಯ ಮೈಕ್ ಸೆಟ್ ಅಂಗಡಿಯ ನಂಜುಂಡ. ಮೀಸೆ ಬಂದ ಮೇಲೆ ಅಕ್ಷರ ಕಲಿತವನು, ಫೋನಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ತಪ್ಪಿದ್ದರೆ ನಿಮ್ಮ ಮಗಳು ತಿದ್ದಿಕೊಂಡು ಓದಿ ಹೇಳಲಿ.

ನಮ್ಮ ನಾಟಕದಲ್ಲಿ ರಾಜ್ಯ ಬಿಟ್ಟು ಕಾಡಿಗೆ ಹೊರಟ ರಾಜನ ಹಾಡು ನಿಮಗೆ ನೆನಪಿರಬೇಕು. ಹಾರ್ಮೋನಿಯಂ ಮೇಷ್ಟ್ರು ತೀರಿಹೋದ ಮೇಲೆ ಮೈಸೂರಿನಲ್ಲಿ ಅದರ ಸಂಗೀತವನ್ನಷ್ಟೇ ರೆಕಾರ್ಡ್ ಮಾಡಿಸಿ ತಂದೆವು — ಪಿಟೀಲುಗಳು, ಕ್ಲಾರಿಯೋನೆಟ್, ನಗಾರಿ, ಎಲ್ಲ ಸೇರಿ. ಶ್ರುತಿ ಕಪ್ಪು ಎರಡು, ಅಂದರೆ ಹಾರ್ಮೋನಿಯಂನ ಎರಡನೇ ಕಪ್ಪು ಮನೆ. ಅಣ್ಣ ಪ್ರಾಯದಿಂದ ಹಾಡಿಕೊಂಡು ಬಂದದ್ದು. ನಡೆ ಚುರುಕು. ಆ ಹಾಡಿನಲ್ಲಿ ದುಃಖಕ್ಕಿಂತ ರೋಷ ಹೆಚ್ಚು. ರಾಜ ಬೆನ್ನು ಬಗ್ಗಿಸದೆ ನಡೆದು ಹೋದ ಅನ್ನಿಸಬೇಕು.

ಒಂದು ಸಂಜೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಭ್ಯಾಸ ಮಾಡುವಾಗ ಮೇಲಿನ ಸ್ವರ ಸಿಗದೆ ಅಣ್ಣನ ದನಿ ಒಡೆಯಿತು. ಬೆವರು ಒರೆಸಿಕೊಂಡು, "ಆಡಕ್ಕಾಗ್ದಿದ್ರೆ ಈ ಅಂಗ್ಡಿ ಕಡೆ ಯಾಕ್ಲಾ ಬರ್ಲಿ? ಒಲ ನೋಡ್ಕಂಡು ಬಿದ್ದಿರ್ತೀನಿ" ಅಂದರು. ತಮಾಷೆಗೆ ಅಂದದ್ದು. ನಿಜಕ್ಕೂ ಬರುವುದು ಬಿಟ್ಟರೆ ಅಂತ ನನಗೆ ಹೆದರಿಕೆ. ನನ್ನ ಹೆಂಡತಿ ತೀರಿಕೊಂಡ ಮೇಲೆ ಜೊತೆಗೆ ಕೂತು ಟೀ ಕುಡಿಯುತ್ತಿದ್ದವರು ಅವರೊಬ್ಬರೇ —

"ಸೆಟ್ಟೇ ಸರಿ ಇಲ್ಲ ಅಣ್ಣ, ನಾಳೆ ರಿಪೇರಿ ಮಾಡ್ತೀನಿ" ಅಂದೆ. ಅವರು ಹೋದ ಮೇಲೆ ಫೋನಿನಲ್ಲಿ ರೆಕಾರ್ಡಿನ ಶ್ರುತಿಯನ್ನು ಅರ್ಧ ಮನೆ ಇಳಿಸಿದೆ. ಮರುದಿನ ಸಲೀಸಾಗಿ ಹಾಡಿದರು. "ನೋಡ್ಲಾ, ಕಪ್ ಎರಡ್ರಲ್ಲೇ ನಿಂತದೆ! ನೀನ್ ಮುದ್ಕ ಆಗ್ಬುಟ್ಟೆ, ನಾನಾಗ್ನಿಲ್ಲ ಕಣ್ಲಾ" ಅಂತ ಬೆನ್ನಿಗೊಂದು ಗುದ್ದಿದರು.

ಆಮೇಲೆ ಪ್ರತಿ ನಾಟಕಕ್ಕೂ ಸ್ವಲ್ಪ ಸ್ವಲ್ಪ ಇಳಿಸಿದೆ. ಉಸಿರು ಸಿಗಲಿ ಅಂತ ನಡೆಯನ್ನೂ ನಿಧಾನ ಮಾಡಿದೆ. ಪಿಟೀಲುಗಳು ಬಾವಿಯೊಳಗೆ ಕೂತು ಅತ್ತ ಹಾಗೆ ಕೇಳಿಸತೊಡಗಿದವು. ರೋಷದ ಹಾಡು ಒಂಟಿ ಮನುಷ್ಯನ ಹಾಡಾಯಿತು. ಜನ ಕಣ್ಣೊರೆಸಿಕೊಂಡರು. ಅಣ್ಣನಿಗೆ ಗೊತ್ತಾಗಲಿಲ್ಲ — ನಾನು ಗೊತ್ತಾಗಲು ಬಿಡಲಿಲ್ಲ.

ನಿಮ್ಮ ಗುಮಟಾಪುರದ ನಾಟಕದಲ್ಲಿ ಹಾರ್ಮೋನಿಯಂ ಇತ್ತು, ನನ್ನ ರೆಕಾರ್ಡ್ ಬೇಡವಾಯಿತು. ಆಗಲಾದರೂ ಹೇಳಬೇಕಿತ್ತು. ನಿಮ್ಮ ಮನೆಯಲ್ಲಿ ಉಂಡು ಬಂದು ಅಣ್ಣ ಹಾರ್ಮೋನಿಯಂನವನಿಗೆ ಗತ್ತಿನಿಂದ, "ಕಪ್ ಎರಡು ಕೊಡಪ್ಪ" ಅಂದರು. ಎರಡನೇ ಸಾಲಿಗೇ ಕಂಠ ಒಡೆಯಿತು. "ಸಾಕು ಇಳೀರಿ ರಾಜಪ್ಪ, ಕಾಡ್ಗೋಗಿ ಮಲಿಕಳಿ!" ಅಂತ ಯಾರೋ ಕೂಗಿದ. ಪೆಂಡಾಲೇ ನಕ್ಕಿತು. ನೀವು ನಗಲಿಲ್ಲ, ಸೆರಗು ಬಾಯಿಗೊತ್ತಿ ಎದ್ದು ನಿಂತಿದ್ದಿರಿ. ನಾನು ನೋಡಿದ್ದೇನೆ.

ತಮ್ಮೂರು ಗೆಟ್ಟವಾಡಿಗೆ ವಾಪಸು ಬರುವಾಗ ಅಣ್ಣ ನನ್ನ ಗಾಡಿಯ ಹಿಂದೆ ಕೂತು ಕೇಳಿದರು. "ನಿನ್ ಸೆಟ್ನಲ್ಲಿ ಮೊನ್ನೆ ಎಂಗ್ ಆಡ್ದೆ! ಒಂದೊತ್ನಲ್ಲಿ ಕಂಠ ಎಂಗ್ಲಾ ಓಯ್ತದೆ? ಗೌರಿ ಗಂಡುಂಗೆ ಈ ರಾಜನ್ ಪಾಲ್ಟಿನ ಮೇಲೆ ಕಣ್ಣಿತ್ತು. ಊಟದಲ್ಲಿ ಮದ್ದಾಕವ್ರೆ. ಅಲ್ವೇನ್ಲಾ?"

ನಾನು, "ಇರ್ಬೌದಣ್ಣ" ಅಂದೆ.

ಅಷ್ಟೇ. ಆ ಒಂದು ಮಾತಿಗೆ ಅವರು ನಿಮ್ಮ ಹೊಸಿಲು ಮೆಟ್ಟುವುದು ಬಿಟ್ಟರು. ನಿಮ್ಮ ಮಗಳ ಮದುವೆಗೆ ಸೋದರಮಾವ ಬರಲಿಲ್ಲ. ಹಾಡು ಬಿಟ್ಟರು, ನನ್ನ ಅಂಗಡಿಗೆ ಬರುವುದನ್ನೂ ಬಿಟ್ಟರು. ಯಾವುದನ್ನು ಉಳಿಸಿಕೊಳ್ಳಲು ಸುಳ್ಳು ಹೇಳಿದೆನೋ — ಈಗ ಒಬ್ಬನೇ ಟೀ ಕುಡಿಯುತ್ತೇನೆ. ಕೆಲವು ಸಂಜೆ ಆ ರೆಕಾರ್ಡ್ ಹಾಕುತ್ತೇನೆ. ಹಾಡುವವರಿಲ್ಲದೆ ಸಂಗೀತ ಮಾತ್ರ ಮುಗಿದು ಹೋಗುತ್ತದೆ.

ನೆನ್ನೆ ಸ್ಪೀಕರ್ ಹೊತ್ತುಕೊಂಡು ಗೆಟ್ಟವಾಡಿಗೆ ಹೋದೆ. ಮೊದಲು ಮೈಸೂರಿನ ರೆಕಾರ್ಡ್ ಹಾಕಿದೆ, ಆಮೇಲೆ ನಾನು ಇಳಿಸಿದ್ದನ್ನು. ಎಲ್ಲ ಹೇಳಿದೆ. ಹೊಡೆಯುತ್ತಾರೆ ಅಂದುಕೊಂಡಿದ್ದೆ. ಅವರು ಕೊನೆತನಕ ಕೇಳಿ, "ಕೆಳಗ್ನ ಸುರ್ತಿನೇ ಚೆಂದಾಗದೆ ಕಣ್ಲಾ. ಯೋಳಿದ್ರೆ ಅದ್ರಲ್ಲೇ ಆಡ್ಕಂಡಿರ್ತಿದ್ನಲ್ಲ" ಅಂದರು.

ಆಮೇಲೆ, "ಗೌರಿಗೆ ನೀನೇ ಯೋಳು. ನಂಗ್ ಮೊಕ ಇಲ್ಲ."

ಹೇಳಿದ್ದೇನೆ. ಭಾನುವಾರ ಅವರನ್ನು ಗಾಡಿಯಲ್ಲಿ ಕೂರಿಸಿಕೊಂಡು ನಿಮ್ಮ ಬಾಗಿಲಿಗೆ ಕರೆತರುತ್ತೇನೆ. ನಿಮಗೆ ಮನಸ್ಸಾದರೆ ಅಣ್ಣನಿಗೆ ಊಟಕ್ಕಿಡಿ, ಉಣ್ಣುತ್ತಾರೆ. ನಾನು ಬೀದಿಯಲ್ಲೇ ನಿಂತಿರುತ್ತೇನೆ. ನನ್ನನ್ನು ಒಳಕ್ಕೆ ಕರೆಯಬೇಡಿ.