ಸೌಟಮ್ಮ ಮತ್ತು ಎರಡು ಸಾಲು ಇಲಿಗಳು

ಸೌಟಮ್ಮ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಹಾಸ್ಟೆಲಿನ ಹುಡುಗಿಯರು ಇಟ್ಟದ್ದು. ಇಪ್ಪತ್ತೊಂಬತ್ತು ವರ್ಷ ಅವಳು ನರ್ಸಿಂಗ್ ಹಾಸ್ಟೆಲಿನ ಅಡುಗೆಮನೆಯನ್ನು ಆಳಿದ್ದಳು. ಆಳಿದ್ದಳು ಎಂದೇ ಹೇಳಬೇಕು, ಯಾಕೆಂದರೆ ವಾರ್ಡನ್ ಕೂಡ ತಟ್ಟೆ ಹಿಡಿದು ಅವಳ ಮುಂದೆ ಸಾಲಿನಲ್ಲೇ ನಿಲ್ಲಬೇಕಿತ್ತು. ಮೊದಲನೇ ತಟ್ಟೆಗೆ ಎಷ್ಟೋ ಕೊನೇ ತಟ್ಟೆಗೂ ಅಷ್ಟೇ. ಒಮ್ಮೆ ಆ ವಾರ್ಡನ್ ದನಿ ತಗ್ಗಿಸಿ "ನಂಗೆ ಇನ್ನೊಂದು ಮೊಟ್ಟೆ ಹಾಕಮ್ಮ" ಎಂದದ್ದಕ್ಕೆ, "ಹಾಕ್ತೀನಿ, ಮಕ್ಕಳಿಗೂ ನೂರಾಹನ್ನೆರಡು ತರ್ಸಿಕೊಡಿ" ಎಂದು ಊಟದ ಮನೆಗೆಲ್ಲ ಕೇಳುವಂತೆ ಹೇಳಿದ್ದಳು. ಪಂಕ್ತಿಭೇದ ಎಂದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಅಂಥವಳ ಕೈಗೆ, ಹಾಸ್ಟೆಲಿನ ಅಡುಗೆಯನ್ನು ಗುತ್ತಿಗೆಗೆ ಕೊಟ್ಟ ಮೇಲೆ, ಸಿಕ್ಕಿದ ಕೆಲಸ ಇಲಿಗಳಿಗೆ ಊಟ ಹಾಕುವುದು. ಹೃದಯದ ಕಾಯಿಲೆಗಳ ಸಂಶೋಧನೆ ನಡೆಯುವ ಕಟ್ಟಡದ ನೆಲಮಹಡಿಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ. ಗೋಡೆಗೆ ಆನಿಸಿದ ಉಕ್ಕಿನ ಚೌಕಟ್ಟಿನಲ್ಲಿ ಎಡಕ್ಕೊಂದು ಸಾಲು ಪಂಜರ, ಬಲಕ್ಕೊಂದು ಸಾಲು. ಸಾಲಿಗೆ ಇಪ್ಪತ್ತರಂತೆ ನಲವತ್ತು ಬಿಳಿ ಇಲಿಗಳು.

"ಬಡ್ತಿ ಸಿಕ್ತು ಬಿಡಕ್ಕ," ಎಂದ ತಮ್ಮ. "ಇವು ಉಪ್ಪು ಜಾಸ್ತಿ ಅಂತ ಗೊಣಗಲ್ಲ."

ತಮ್ಮ ಬಸ್ ಡ್ರೈವರ್. ಅಂದರೆ, ಆಗಿದ್ದವನು. ವರ್ಷದ ತಪಾಸಣೆಯಲ್ಲಿ ಡಾಕ್ಟರು ಅವನ ಹೃದಯದ ಗೋಡೆ ದಪ್ಪಗಾಗಿದೆ, ಒಳಗೆ ರಕ್ತ ತುಂಬಿಕೊಳ್ಳಲು ಜಾಗ ಸಾಲುತ್ತಿಲ್ಲ ಎಂದು ಹೇಳಿ ಸ್ಟಿಯರಿಂಗಿನಿಂದ ಇಳಿಸಿಬಿಟ್ಟಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅಕ್ಕನ ಮನೆಯಲ್ಲೇ ಇದ್ದ. ಕುರ್ಚಿಯಲ್ಲಿ ಕೂತು ಟಿವಿ ನೋಡುವಾಗ ಯಾರಾದರೂ ರಸ್ತೆಗೆ ಅಡ್ಡ ಬಂದರೆ ಅವನ ಬಲಗಾಲು ತಾನಾಗಿಯೇ ಬ್ರೇಕ್ ಒತ್ತುತ್ತಿತ್ತು. ಮನೆ ಎರಡನೇ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ನಿಂತು "ಸ್ಟಾಪ್ ಬಂತು, ಇಳಿಯೋರು ಇಳ್ಕೊಳ್ಳಿ" ಎನ್ನುವನು. ನೆರೆಹೊರೆಯವರು ನಗುವರು. ಉಸಿರು ಸಾಲದೆ ನಿಲ್ಲುತ್ತಾನೆಂಬುದು ಸೌಟಮ್ಮನಿಗೆ ಗೊತ್ತಿದ್ದುದರಿಂದ ಅವಳಿಗೆ ನಗು ಬರುತ್ತಿರಲಿಲ್ಲ.

ಇಲಿಗಳ ಯಜಮಾನಿ ಒಬ್ಬ ವಿಜ್ಞಾನಿ, ಎಲ್ಲರ ಬಾಯಲ್ಲೂ ಮೇಡಂ. ಸಣ್ಣ ಪ್ರಾಯ, ದೊಡ್ಡ ಕನ್ನಡಕ, ಊಟದ ಹೊತ್ತು ನೆನಪಿರದ ಹೆಂಗಸು. ಮೊದಲ ದಿನವೇ ಸೌಟಮ್ಮನಿಗೆ ವಿವರಿಸಿದಳು. "ಇವುಗಳಿಗೆ ಹುಟ್ಟಿನಿಂದಲೇ ಹೃದಯದ ಗೋಡೆ ದಪ್ಪ ಆಗ್ತಾ ಹೋಗೋ ಕಾಯಿಲೆ. ಹೃದಯದ ಒಳಗೆ ಕಿಣ್ವಗಳು ಅಂತ ಇರ್ತವೆ, ಎಲ್ಲಾ ಕೆಲಸ ಅವೇ ಮಾಡೋದು. ಆದ್ರೆ ಕೆಲವಕ್ಕೆ ಜೊತೆಗೊಂದು ಪುಟ್ಟ ಸಹಾಯಕ ವಸ್ತು ಇಲ್ದಿದ್ರೆ ಕೆಲಸ ಕೆಡುತ್ತೆ."

"ಅಡುಗೆಯವಳಿದ್ದಾಳೆ, ಕೈಗೆ ಸೌಟಿಲ್ಲ," ಎಂದಳು ಸೌಟಮ್ಮ.

ಮೇಡಂ ಕನ್ನಡಕ ಸರಿಮಾಡಿಕೊಂಡು ಅವಳನ್ನೇ ನೋಡಿದಳು. "ಸರಿಯಾಗಿ ಹೇಳಿದ್ರಿ. ಆ ಸೌಟನ್ನ ನಾವು ಹೊರಗಿಂದ ಕೊಟ್ರೆ ಗೋಡೆ ದಪ್ಪ ಆಗೋದು ನಿಲ್ಲುತ್ತಾ ಅಂತ ನೋಡ್ಬೇಕು. ಒಂದು ಸಾಲಿಗೆ ಮದ್ದು, ಇನ್ನೊಂದಕ್ಕೆ ಬರೀ ನೀರು. ಯಾವುದು ಯಾವುದಕ್ಕೆ ಅಂತ ನಿಮಗೂ ಗೊತ್ತಾಗಬಾರದು, ನಂಗೂ ಗೊತ್ತಾಗಬಾರದು. ಬಾಟ್ಲಿ ತುಂಬೋದು ಬೇರೆಯವರು. ಕೆಂಪು ಮುಚ್ಚಳದ ಬಾಟ್ಲಿ ಎಡಕ್ಕೆ, ನೀಲಿ ಬಲಕ್ಕೆ. ಅಷ್ಟೇ."

"ಇದು ಮನುಷ್ಯರಿಗೂ ಆಗುತ್ತಾ? ನನ್ನ ತಮ್ಮನಿಗೂ ಗೋಡೆ ದಪ್ಪ ಅಂದಿದ್ದಾರೆ."

"ಇಲಿ ಬೇರೆ, ಮನುಷ್ಯ ಬೇರೆ ಸೌಟಮ್ಮ. ಮೊದ್ಲು ಇಲ್ಲಿ ಗೆಲ್ಲಬೇಕು. ಆಮೇಲೂ ವರ್ಷಗಟ್ಟಲೆ ಹಾದಿಯಿದೆ."

ವರ್ಷಗಟ್ಟಲೆ ಎಂಬ ಮಾತನ್ನು ಸೌಟಮ್ಮ ಕಿವಿಗೇ ಹಾಕಿಕೊಳ್ಳಲಿಲ್ಲ. ಹಾದಿಯಿದೆ ಎಂಬುದು ಮಾತ್ರ ಕೇಳಿಸಿತು.

ಹೀಗೆ ಎಲ್ಲ ಸುಸೂತ್ರವಾಗಿ ಶುರುವಾಯಿತು. ಆದರೆ ಅಡುಗೆಯವಳ ಕೈಗೆ ಎರಡು ಬಾಟಲಿ ಕೊಟ್ಟು, ಒಳಗೇನಿದೆ ಎಂದು ತಿಳಿಯಬೇಡ ಎಂದರೆ ನಡೆಯುವ ಮಾತೇ? ರುಚಿ ನೋಡದೆ ಬಡಿಸಿ ಅವಳಿಗೆ ಅಭ್ಯಾಸವಿರಲಿಲ್ಲ. ಮೂರನೇ ದಿನ ಎರಡೂ ಬಾಟಲಿಯಿಂದ ಒಂದೊಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು ನಾಲಿಗೆಗೆ ತಾಗಿಸಿದಳು. ಕೆಂಪು ಹುಳಿ. ನೀಲಿ ಸಪ್ಪೆ. ಮೇಡಂ ಎರಡು ತಿಂಗಳು ತಲೆ ಕೆಡಿಸಿಕೊಂಡು ತನಗೂ ತಿಳಿಯದಂತೆ ಮುಚ್ಚಿಟ್ಟ ಗುಟ್ಟು ಅರೆನಿಮಿಷದಲ್ಲಿ ಬಯಲಾಯಿತು.

ಅಲ್ಲಿಂದ ಸಂಕಟ. ಬಲಸಾಲಿನ ಇಪ್ಪತ್ತು ಇಲಿಗಳು ದಿನಾ ಬೆಳಿಗ್ಗೆ ಅವಳ ಸದ್ದು ಕೇಳಿ ಮುಂಗಾಲೆತ್ತಿ ನಿಲ್ಲುತ್ತಿದ್ದವು, ಮೀಸೆ ಕುಣಿಸುತ್ತಿದ್ದವು. ಅವುಗಳ ಬಾಯಿಗೆ ಅವಳು ಸಪ್ಪೆ ನೀರು ಬಿಡಬೇಕು. ಪಕ್ಕದ ಸಾಲಿಗೆ ಮದ್ದು. ಒಂದೇ ಕಾಯಿಲೆ, ಒಂದೇ ಕೋಣೆ, ಬಡಿಸುವ ಕೈಯೂ ಒಂದೇ. ನಾಲ್ಕು ದಿನ ಹಲ್ಲು ಕಚ್ಚಿ ಸಹಿಸಿದಳು. ಐದನೇ ದಿನ ಕೆಂಪು ಬಾಟಲಿಯನ್ನು ಬಲಕ್ಕೆ ಹಿಡಿದಳು, ನೀಲಿಯನ್ನು ಎಡಕ್ಕೆ. ಮರುದಿನ ಮತ್ತೆ ಅದಲು ಬದಲು. ಒಂದು ದಿನ ನಿಮಗೆ, ಒಂದು ದಿನ ಅವರಿಗೆ. ಆ ರಾತ್ರಿಯಿಂದ ಅವಳಿಗೆ ಕಣ್ತುಂಬ ನಿದ್ದೆ.

ಹತ್ತು ವಾರವಾದ ಮೇಲೆ ಮೇಡಂ ಒಂದೊಂದೇ ಇಲಿಯನ್ನು ಪುಟ್ಟ ಸ್ಕ್ಯಾನಿನ ಕೆಳಗೆ ಮಲಗಿಸಿ ಹೃದಯದ ಗೋಡೆ ಅಳೆದಳು. ಅಳತೆ ಮುಗಿದ ದಿನ ಮಧ್ಯಾಹ್ನ ಇಲಿಕೋಣೆಗೆ ಬಂದು ಸ್ಟೂಲಿನ ಮೇಲೆ ಕುಸಿದು ಕೂತಳು.

"ಎರಡು ಸಾಲಿಗೂ ಒಂದಿಷ್ಟೂ ವ್ಯತ್ಯಾಸ ಇಲ್ಲ ಸೌಟಮ್ಮ. ಈ ಮದ್ದು ಕೆಲಸಕ್ಕೆ ಬರಲ್ಲ. ನಾಳೆ ವರದಿ ಬರ್ದು ಈ ದಾರಿ ಮುಚ್ಚಿಬಿಡ್ತೀವಿ."

ವ್ಯತ್ಯಾಸ ಇರಬಾರದೆಂದು ತಾನೇ ಸೌಟಮ್ಮ ಅಷ್ಟು ಕಷ್ಟಪಟ್ಟದ್ದು. ವ್ಯತ್ಯಾಸವೇ ಇಲ್ಲದಿದ್ದರೆ ಮೇಡಂಗೆ ಏನೂ ತಿಳಿಯುವುದಿಲ್ಲ ಎಂಬುದು ಈಗ ಹೊಳೆಯಿತು. ಆಗಲೇ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಈ ವಯಸ್ಸಿನಲ್ಲಿ ಕೆಲಸ ಹೋದರೆ ಇನ್ನೊಂದು ಯಾರು ಕೊಡುತ್ತಾರೆ? ಇಪ್ಪತ್ತೊಂಬತ್ತು ವರ್ಷದಲ್ಲಿ ಒಬ್ಬರಿಂದಲೂ ತಪ್ಪು ಎನಿಸಿಕೊಂಡವಳಲ್ಲ. ಬಾಯಿಗೆ ಬೀಗ ಹಾಕಿಕೊಂಡು ಮನೆಗೆ ಹೋದಳು.

ಸಂಜೆ ಮೆಟ್ಟಿಲಲ್ಲಿ ತಮ್ಮ ಸಿಕ್ಕಿದ. ಹಾಲಿನ ಪ್ಯಾಕೆಟ್ ಹಿಡಿದು ಅರ್ಧದಲ್ಲಿ ನಿಂತಿದ್ದ. ಅವಳನ್ನು ಕಂಡು "ಸ್ಟಾಪ್ ಬಂತು" ಎನ್ನಲು ಹೋದ, ಮಾತು ಮುಂದಕ್ಕೆ ಬರಲಿಲ್ಲ. ಗೋಡೆ ಹಿಡಿದು ಕೂತುಬಿಟ್ಟ. ಸೌಟಮ್ಮನೂ ಪಕ್ಕದಲ್ಲಿ ಕೂತಳು. ಇವನ ದಾರಿಯನ್ನು ನನ್ನ ಕೈಯಾರೆ ಮುಚ್ಚಿದೆನಲ್ಲ ಎಂದುಕೊಳ್ಳುತ್ತ ಹಾಲಿನ ಪ್ಯಾಕೆಟ್ಟನ್ನು ಅವನ ಕೈಯಿಂದ ತೆಗೆದುಕೊಂಡಳು.

ಮರುದಿನ ಮೇಡಂ ಕೋಣೆಯ ಬೀಗ ತೆಗೆಯುವ ಮೊದಲೇ ಸೌಟಮ್ಮ ಬಾಗಿಲಲ್ಲಿ ನಿಂತಿದ್ದಳು.

"ವರದಿ ಬರೀಬೇಡಿ. ನಾನು ದಿನಾ ಬಾಟ್ಲಿ ಅದಲು ಬದಲು ಮಾಡ್ತಿದ್ದೆ. ಎರಡು ಸಾಲಿಗೂ ಸಮ ಬಡ್ಸಿದ್ದೀನಿ."

"ಯಾವುದು ಮದ್ದು ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ರುಚಿ ನೋಡ್ದೆ."

"ಕುಡಿದ್ರಾ?"

"ಕುಡೀಲಿಲ್ಲ ಮೇಡಂ. ರುಚಿ ನೋಡ್ದೆ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಸೌಟಮ್ಮನಿಗೆ ತಿಳಿಯಲಿಲ್ಲ. ಎರಡೂ ಇತ್ತೆಂದು ಕಾಣುತ್ತದೆ. ಆಮೇಲೆ ಬೈದಳು, ಚೆನ್ನಾಗಿಯೇ ಬೈದಳು. ಹತ್ತು ವಾರ ನೀರಿನಲ್ಲಿ ಹೋಮವಾಯಿತಲ್ಲ! ಸೌಟಮ್ಮ ತಲೆ ತಗ್ಗಿಸಿ ನಿಂತು ಒಂದು ಅಕ್ಷರವನ್ನೂ ಬಿಡದೆ ಕೇಳಿಸಿಕೊಂಡಳು. ಕೊನೆಗೆ ಮೇಡಂ ಹೇಳಿದಳು, "ನಿಮ್ಮನ್ನ ಕಳಿಸಿಬಿಡ್ಬೇಕು. ಆದ್ರೆ ನಿಮ್ಮ ಕೈಯಲ್ಲಿ ಇಲಿ ಹೆದರಲ್ಲ. ಹೆದರಿದ ಇಲಿಯ ಹೃದಯ ಅಳೆದು ನಾನೇನು ಮಾಡ್ಲಿ? ಮೊದಲಿಂದ ಶುರು ಮಾಡೋಣ. ಈ ಸಲ ಎರಡು ಬಾಟ್ಲಿಗೂ ಹುಳಿ ಹಾಕಿಸ್ತೀನಿ. ಹುಳಿ ಬರೀ ರುಚಿಗೆ, ಅದೇ ಮದ್ದಲ್ಲ. ನಾಲಿಗೆ ಒಳಗೇ ಇರ್ಲಿ."

ಹೊಸ ನಲವತ್ತು ಇಲಿ ಬಂದವು. ಸೌಟಮ್ಮ ಕೆಂಪನ್ನು ಎಡಕ್ಕೆ, ನೀಲಿಯನ್ನು ಬಲಕ್ಕೆ, ಒಂದು ದಿನವೂ ತಪ್ಪದೆ ಕೊಟ್ಟಳು. ಯಾವ ಸಾಲಿಗೆ ಮೋಸ ಮಾಡುತ್ತಿದ್ದೇನೆಂದು ತಿಳಿಯದೆ ಎರಡು ಸಾಲಿನ ಮುಂದೆಯೂ ಕಣ್ಣು ತಪ್ಪಿಸಿ ಓಡಾಡಿದಳು. ಅವಳ ಜೀವಮಾನದಲ್ಲೇ ಅಷ್ಟು ಕಷ್ಟದ ಬಡಿಸುವಿಕೆ ಇನ್ನೊಂದಿರಲಿಲ್ಲ.

ಹತ್ತು ವಾರದ ಮೇಲೆ ಮೇಡಂ ಓಡುತ್ತ ಬಂದಳು. ಬಲಸಾಲಿನ ಹೃದಯಗಳ ಗೋಡೆ ಹೆಚ್ಚು ದಪ್ಪಗಾಗಿರಲಿಲ್ಲ. ಎಡಸಾಲಿನವು ಆಗಿದ್ದವು. ಈ ಸಲ ಮದ್ದು ಇದ್ದದ್ದು ನೀಲಿ ಬಾಟಲಿಯಲ್ಲಿ. ಮೇಡಂ ಅವಳ ಕೈ ಹಿಡಿದು ಕುಲುಕಿದಳು. ಸೌಟಮ್ಮ ನಕ್ಕಳು, ನಗುತ್ತಲೇ ಎಡಸಾಲಿನ ಕಡೆ ತಿರುಗಿದಳು. ಅವು ಎಂದಿನಂತೆ ಮುಂಗಾಲೆತ್ತಿ ನಿಂತಿದ್ದವು.

ಮನೆಗೆ ಬಂದು ತಮ್ಮನಿಗೆ ಊಟ ಬಡಿಸುತ್ತ ಎಲ್ಲ ಹೇಳಿದಳು. ಮದ್ದು ಗೆದ್ದದ್ದನ್ನು ಎರಡೆರಡು ಸಲ ಹೇಳಿದಳು. ಇನ್ನೂ ವರ್ಷಗಟ್ಟಲೆ ಹಾದಿಯಿದೆ ಎಂಬುದನ್ನು, ಈ ಸಲ ಕೇಳಿಸಿಕೊಂಡಿದ್ದರಿಂದ, ಮೆಲ್ಲಗೆ ಒಂದೇ ಸಲ ಹೇಳಿದಳು.

ತಮ್ಮ ತುತ್ತು ಅಗಿಯುತ್ತ ಯೋಚಿಸಿದ.

"ಹಾಗಾದ್ರೆ ಸದ್ಯಕ್ಕೆ ನಾನು ಎಡಸಾಲು ಅನ್ನು."

ಸೌಟಮ್ಮ ಇಲ್ಲ ಎನ್ನಲು ನೋಡಿದಳು, ಆಗಲಿಲ್ಲ.

"ಹೂಂ ಕಣೋ," ಎಂದಳು. ಅವನ ತಟ್ಟೆಗೆ ಅನ್ನ ಹಾಕಿದಳು. ಇನ್ನೊಂದು ಸೌಟು ಹಾಕಿದಳು. ಅವನು ಸಾಕು ಸಾಕು ಎಂದು ಕೈ ಅಡ್ಡ ಹಿಡಿದರೂ ಕೇಳದೆ, ತನ್ನ ಪಾಲಿನದನ್ನೂ ಅಲ್ಲೇ ಸುರಿದಳು.